ಜೊಮ್‌ಬುನ್ ಕೂರಿಸಿದ ಕೊಳವೆಗಳು

ಕೊರಿಯಾದ ಯೊಸು ಬಂದರಿನ ಮೇಲೆ ಕವಿದ ಮಂಜು ಇನ್ನೂ ಕರಗಿಲ್ಲ. ಎಣ್ಣೆ ಶುದ್ಧಿ ಕಾರ್ಖಾನೆಯ ಅಂಗಳದಲ್ಲಿ, ಬಸ್ಸಿನಷ್ಟು ಉದ್ದದ ಒಂದು ಉಕ್ಕಿನ ಪಾತ್ರೆ ಮುಚ್ಚಳ ತೆಗೆಸಿಕೊಂಡು ಮಲಗಿದೆ. ಅದರ ದುಂಡು ಮುಖದ ತುಂಬ ಜೇನುಗೂಡಿನಂತೆ ತೂತುಗಳು. ಪ್ರತಿ ತೂತಿಗೂ ಒಂದು ಹೊಸ ಕೊಳವೆಯ ಬಾಯಿ. ಐವತ್ತಾರರ ಹೆಣ್ಣುಮಗಳು ತಾಕ್ ಜೊಮ್‌ಬುನ್ ಹಲಗೆಯ ಮೇಲೆ ಕುಳಿತು ಒಂದೊಂದೇ ಬಾಯಿಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಾರೆ. ಇವತ್ತು ನೀರಿನ ಪರೀಕ್ಷೆ. ಆಮೇಲೆ ಕಾಣುವ ಹನಿ ಸೋರಿಕೆಯದೇ ಎಂದು ಗೊತ್ತಾಗಬೇಕಾದರೆ ಈಗ ಇಲ್ಲಿ ಪಸೆಯೂ ಇರಬಾರದು.

ಕೊಳವೆಗಳ ಒಳಗೆ ಕುದಿಯುವ ಎಣ್ಣೆ, ಹೊರಗೆ ಸಮುದ್ರದ ತಣ್ಣೀರು. ಎರಡೂ ಒಂದನ್ನೊಂದು ಮುಟ್ಟಬಾರದು, ಬಿಸಿ ಮಾತ್ರ ದಾಟಬೇಕು. ಉಪ್ಪುನೀರು ಹಳೆಯ ಕೊಳವೆಗಳನ್ನು ತಿಂದುಹಾಕಿದ್ದರಿಂದ ಅವನ್ನು ಕಿತ್ತು ಹೊಸವನ್ನು ತೂರಿಸಿದ್ದಾರೆ. ತುದಿಯೊಳಗೆ ಮೋಟಾರಿನ ರೋಲರ್ ತಿರುಗಿಸಿದರೆ ಕೊಳವೆ ಹಿಗ್ಗಿ ತೂತಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಸೋರುತ್ತದೆ. ಹೆಚ್ಚಾದರೆ ತೂತೇ ಹಿಗ್ಗಿ ಪಕ್ಕದ ಕೊಳವೆಯ ಹಿಡಿತ ಸಡಿಲವಾಗುತ್ತದೆ.

"ಸಿಂಪಿ ಬಿಡಿಸೋ ಹಾಗೇ ಇದು," ಎನ್ನುತ್ತಾರೆ ಜೊಮ್‌ಬುನ್. "ಚಾಕು ಚಿಪ್ಪೊಳಗೆ ಹೋಗ್ಬೇಕು, ಮಾಂಸಕ್ಕೆ ತಾಗಬಾರ್ದು. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಕೈಗೆ ಗೊತ್ತಿರ್ಬೇಕು."

ಮೊದಲು ಕೆಲಸ ಮಾಡುತ್ತಿದ್ದ ಸಿಂಪಿ ಬಿಡಿಸುವ ಶೆಡ್ ಮುಚ್ಚಿದ ಮೇಲೆ ಅವರು ಇಲ್ಲಿಗೆ ಬಂದದ್ದು ಕಿಡಿ ಕಾಯುವ ಕೆಲಸಕ್ಕೆ. ಬೆಸುಗೆ ನಡೆಯುವಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಕೂರುವುದು, ಅಷ್ಟೆ. ಹಳೆಯ ಕೆಲಸಗಾರ ಮಾ ದೊಕ್‌ಚುಲ್ ಬಿಡುವಿನಲ್ಲಿ "ಕೈ ನೋಯ್ತಿದೆ, ಸ್ವಲ್ಪ ಹಿಡ್ಕೊ" ಎಂದು ರೋಲರನ್ನು ಅವರ ಕೈಗಿಡುತ್ತಿದ್ದರು. ಹಾಗೆ ವರ್ಷಗಟ್ಟಲೆ ಹಿಡಿದು ಹಿಡಿದು, ಈ ಸಲ ಮೊದಲ ಬಾರಿಗೆ ಪಾತ್ರೆಯ ಒಂದು ತುದಿಯನ್ನು ಪೂರ್ತಿಯಾಗಿ ಜೊಮ್‌ಬುನ್ ಒಬ್ಬರೇ ಮಾಡಿದ್ದಾರೆ. ಆಚೆ ತುದಿ ದೊಕ್‌ಚುಲ್ ಅವರದು. ಮೇಸ್ತ್ರಿ ಪ್ಯೊನ್ ಮೊದಲೇ ಹೇಳಿಬಿಟ್ಟಿದ್ದಾರೆ: "ಕೆಲಸ ಕೆಟ್ರೆ ಮತ್ತೆ ಬಕೆಟ್ಟೇ ಅಕ್ಕಾ. ಬೇಜಾರಾಗಬೇಡಿ."

ಬೆಳಗಿನ ಊಟಕ್ಕೆ ಕ್ಯಾಂಟೀನಿನ ಹೆಂಗಸು ದೊಕ್‌ಚುಲ್ ಮುಂದೆ ಕಡಲಪಾಚಿ ಸಾರಿನ ಬಟ್ಟಲು ಇಡುತ್ತಾಳೆ. ಇವತ್ತು ಅವರ ಹುಟ್ಟಿದ ದಿನ, ಆ ದಿನ ಈ ಸಾರು ಕುಡಿಯುವುದು ಇಲ್ಲಿನ ವಾಡಿಕೆ. ಅವರು ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾರೆ.

"ಇವತ್ತು ಬೇಡ ತಾಯಿ. ಪರೀಕ್ಷೆ ದಿನ ಜಾರೋ ಸಾರು ಕುಡಿದ್ರೆ ಕೆಲ್ಸಾನೂ ಜಾರುತ್ತೆ."

"ಪರೀಕ್ಷೆ ನನ್ನದು, ಹುಟ್ಟುಹಬ್ಬ ನಿಮ್ಮದು. ಕುಡೀರಿ ಅಣ್ಣ," ಎನ್ನುತ್ತಾರೆ ಜೊಮ್‌ಬುನ್.

"ನಾಳೆ ಹುಟ್ತೀನಿ ಬಿಡು."

ಪಾತ್ರೆಯೊಳಗೆ, ಕೊಳವೆಗಳ ಸುತ್ತ, ನೀರು ತುಂಬಿಸಿ ಒತ್ತಡ ಏರಿಸುತ್ತಾರೆ. ಎಲ್ಲರೂ ಟಾರ್ಚ್ ಹಿಡಿದು ಬಾಗುತ್ತಾರೆ. ಕೆಳಗಿನ ಸಾಲಿನಲ್ಲಿ ಒಂದು ಹನಿ ನಿಧಾನಕ್ಕೆ ದುಂಡಗಾಗುತ್ತದೆ. ಅದು ಜೊಮ್‌ಬುನ್ ಅವರ ತುದಿ.

ಒತ್ತಡ ಇಳಿಸಿದ ಮೇಲೆ ಅವರು ರೋಲರ್ ತೂರಿಸುತ್ತಾರೆ. ಮೋಟಾರಿನ ಸದ್ದು ದಪ್ಪವಾಗುತ್ತದೆ, ನಿಲ್ಲಿಸಬೇಕಾದ ಜಾಗ ಬರುತ್ತದೆ. ಆದರೆ ಹೆದರಿದ ಕೈ ಇನ್ನಷ್ಟು ಒತ್ತುತ್ತದೆ. ಮತ್ತೆ ನೀರು ಏರಿಸಿದಾಗ ಆ ಹನಿ ಇಲ್ಲ. ಪಕ್ಕದ ಕೊಳವೆಯಲ್ಲಿದೆ.

ಜೊಮ್‌ಬುನ್ ತಾವೇ ಹೇಳುತ್ತಾರೆ: "ನಾನೇ ಜಾಸ್ತಿ ಬಿಗಿದೆ ಮೇಸ್ತ್ರಿ. ಎರಡನ್ನೂ ಕೀಳ್ಬೇಕು."

ಆಚೆ ತುದಿಯಿಂದ ದೊಕ್‌ಚುಲ್ ಬರುತ್ತಾರೆ. "ಎರಡೇನಾ? ನಾನು ಒಂದ್ಸಲ ಒಂದಿಡೀ ಸಾಲನ್ನೇ ಸಡಿಲ ಮಾಡಿದ್ದೆ. ಆಗಿನ ಮೇಸ್ತ್ರಿ ಬೈದದ್ದಕ್ಕೆ ಬಂದರಿನ ಹಕ್ಕಿಗಳೆಲ್ಲ ಹಾರಿಹೋದ್ವು."

ಪ್ಯೊನ್ ನಗುವುದಿಲ್ಲ. "ಕಿತ್ತು ಹೊಸದು ಕೂರಿಸಿ. ದೊಕ್‌ಚುಲ್ ಅಣ್ಣ, ನೀವೇ ಮಾಡಿ."

"ನನ್ನ ಭುಜ ಮೇಲೇಳ್ತಿಲ್ಲಪ್ಪ," ಎನ್ನುತ್ತಾರೆ ದೊಕ್‌ಚುಲ್. ಈಗಷ್ಟೇ ಭಾರದ ಸಲಕರಣೆ ಪೆಟ್ಟಿಗೆಯನ್ನು ಅದೇ ಭುಜದ ಮೇಲೆ ಹೊತ್ತು ತಂದದ್ದನ್ನು ಪ್ಯೊನ್ ನೋಡಿದ್ದಾರೆ. ನೋಡಿಯೂ, "ಸರಿ, ಅಕ್ಕನೇ ಮಾಡ್ಲಿ," ಎಂದು ಗಡಿಯಾರದ ಕಡೆ ತಿರುಗುತ್ತಾರೆ.

ಜೊಮ್‌ಬುನ್ ಎರಡೂ ಕೊಳವೆಗಳನ್ನು ಕೀಳುತ್ತಾರೆ. ಮೊದಲು ಸೋರಿದ ತೂತಿನೊಳಗೆ ಬೆರಳಾಡಿಸಿದಾಗ ಉದ್ದಕ್ಕೂ ಕೂದಲೆಳೆಯಷ್ಟು ಒಂದು ಗೀರು ಸಿಗುತ್ತದೆ. ಹಳೆಯ ಕೊಳವೆ ಕೀಳುವಾಗ ಉಳಿ ತಾಗಿರಬೇಕು. ಸರಿಯಾಗಿ ಬಿಗಿದಿದ್ದರೂ ನೀರಿಗೆ ಅಲ್ಲಿ ದಾರಿ ಉಳಿದಿತ್ತು. ಆ ಗೀರು ಮಾಯವಾಗುವವರೆಗೂ ತಾಳ್ಮೆಯಿಂದ ಉಜ್ಜಿ, ಒರೆಸಿ, ಹೊಸ ಕೊಳವೆ ತೂರಿಸುತ್ತಾರೆ. ರೋಲರ್ ತಿರುಗುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಸದ್ದು ದಪ್ಪವಾಗುತ್ತಲೇ ಕೈ ನಿಲ್ಲುತ್ತದೆ. ಪಕ್ಕದ ತೂತಿಗೂ, ಆಚೆ ತುದಿಗೂ ಹಾಗೆಯೇ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ನೀರು, ಮತ್ತೆ ಒತ್ತಡ. ಪ್ಯೊನ್ ಮಂಡಿಯೂರಿ ಆ ಎರಡು ಬಾಯಿಗಳ ಸುತ್ತ ಬರಿಬೆರಳು ಸವರುತ್ತಾರೆ, ಬೆರಳನ್ನು ಬಿಸಿಲಿಗೆ ಹಿಡಿಯುತ್ತಾರೆ. ಒಣಗಿದೆ.

"ನಾಳೆ ಆ ಪಕ್ಕದ ಪಾತ್ರೆ ಅಕ್ಕಾ," ಎನ್ನುತ್ತಾರೆ ಏಳುತ್ತಾ.

"ಬಕೆಟ್ ತರ್ಲಾ, ಏನು?"

"ಬಕೆಟ್ಟಿಗೆ ಬೇರೆಯವರನ್ನ ನೋಡ್ತೀನಿ."

ಮುಚ್ಚಳ ಬಿಗಿದ ಮೇಲೆ ಜೊಮ್‌ಬುನ್ ಕೆಲಸ ಯಾರಿಗೂ ಕಾಣುವುದಿಲ್ಲ. ಬೇಸರವಿಲ್ಲವೇ ಎಂದು ಕೇಳಿದರೆ ಜೊಮ್‌ಬುನ್ ಕೈಗವಸು ಕಳಚುತ್ತಾ ನಗುತ್ತಾರೆ.

"ಕಾಣೋದು ಬೇಡಪ್ಪ. ಕಾಣಿಸ್ತು ಅಂದ್ರೆ ಸೋರ್ತಿದೆ ಅಂತ ಅರ್ಥ. ನನಗೆ ವಯಸ್ಸಾಗೋವರೆಗೂ ಯಾರೂ ಆ ಮುಚ್ಚಳ ತೆಗೀದಿದ್ರೆ ಸಾಕು."