ಖಾಲಿ ಒತ್ತಿನ ಹತ್ತು ಸೆಕೆಂಡು

ಬಿಸಿಯಕ್ಕನಿಗೆ ಹನ್ನೊಂದು ದಿನದ ಕೂಲಿ ಬರಬೇಕು. ಮಾಲೀಕ ಕೊಟ್ಟಿಲ್ಲ. ಕೊಡದೇ ಇರಲು ಅವನ ಕೈಗೊಂದು ಕಾಗದ ಸಿಕ್ಕಿದೆ. ಆ ಕಾಗದ ಬರೆದವರು ನಾವು.

ಮೊದಲು ಅವಳ ವಿಷಯ. ಹತ್ತೊಂಬತ್ತು ವರ್ಷದಿಂದ ಅಂಗಿಗೆ ಚಿತ್ರ ಒತ್ತುವುದೇ ಅವಳ ಕಸುಬು. ತೆಳ್ಳಗಿನ ಹಾಳೆಯ ಮೇಲೆ ಅಚ್ಚಾಗಿ ಬಂದ ಚಿತ್ರವನ್ನು ಅಂಗಿಯ ಎದೆಗಿಟ್ಟು, ಕಾದ ತಟ್ಟೆಯನ್ನು ಹಿಡಿಕೆ ಹಿಡಿದು ಕೆಳಗೆಳೆದು ಅದುಮಬೇಕು. ಎತ್ತಿ, ಆರಲು ಬಿಟ್ಟು, ಹಾಳೆ ಸುಲಿಯಬೇಕು. ದಿನಕ್ಕೆ ನಾನೂರು ಸಲ. ಒತ್ತುವ ಕೋಣೆ ಅಂಗಡಿಯ ಮೂರನೇ ಮಹಡಿಯಲ್ಲಿ. ಇರುವ ಒಂದೇ ಕಿಟಕಿಗೆ ರಟ್ಟಿನ ಡಬ್ಬಗಳ ರಾಶಿ ಅಡ್ಡ. ಫ್ಯಾನ್ ಹಾಕುವಂತಿಲ್ಲ, ಹಾಳೆ ಹಾರುತ್ತವೆ. ಹಿಡಿಕೆ ಎಳೆದೆಳೆದು ಅವಳ ಬಲಭುಜ ಎಡಕ್ಕಿಂತ ಎರಡು ಬೆರಳು ಇಳಿದಿದೆ. ಮುಂಗೈ ಮೇಲೆ ಕೂದಲು ಹುಟ್ಟುವುದನ್ನೇ ಬಿಟ್ಟಿದೆ. ಸಂಜೆ ಅವಳು ಮನೆಯ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಅತ್ತೆ ಒಳಗಿಂದ ಮಗನಿಗೆ ಕೂಗುತ್ತಾಳೆ: "ಬಾಗಿಲು ಪೂರ್ತಿ ತೆಗಿಯೋ, ಒಲೆ ಮನೆಗೆ ಬಂತು." ಒಲೆ ಬಂದು ಗೋಡೆಗೊರಗಿ ಕೂರುತ್ತದೆ. ನಗಲೂ ಅದಕ್ಕೆ ತ್ರಾಣವಿಲ್ಲ.

ಈಗ ಮೂರ್ನಾಲ್ಕು ವರ್ಷದಿಂದ ಎಲ್ಲರಿಗೂ ಸಾವಯವ ಬಟ್ಟೆಯೇ ಬೇಕು. ವಿಷ ಹೊಡೆಯದೆ ಬೆಳೆದ ಹತ್ತಿ, ಬಣ್ಣ ಕುಡಿಸದ ನೂಲು. ಭೂಮಿಗೆ ಒಳ್ಳೆಯದು, ಇರಲಿ. ಒತ್ತುವವಳ ಪಾಲಿಗೆ ಮಾತ್ರ ಅದು ಹಟಮಾರಿ ಕೂಸು. ಬಿಸಿ ಒಂದಿಷ್ಟು ಹೆಚ್ಚಾದರೆ ಹಳದಿ ತಿರುಗುತ್ತದೆ. ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಸುಮ್ಮನೆ ಕೂತಿರುತ್ತದೆ. ಕಾದ ತಟ್ಟೆ ಮೇಲಿಂದ ಅದುಮಿದಾಗ ಆ ತೇವ ಹಬೆಯಾಗಿ ಎದ್ದು ಚಿತ್ರದ ಅಂಟು ಕೂರದಂತೆ ಮಾಡುತ್ತದೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಒಗೆದಾಗ ಗೊತ್ತಾಗುತ್ತದೆ.

ಇದಕ್ಕೆ ಬಿಸಿಯಕ್ಕನ ಬಳಿ ಒಂದು ಕ್ರಮವಿತ್ತು. ಚಿತ್ರ ಇಡುವ ಮೊದಲು ಬರಿ ಅಂಗಿಯನ್ನು ಒಮ್ಮೆ ಒತ್ತಿ ಎತ್ತುವುದು, ಮೇಲೇಳುವ ಹಬೆಗೆ ಅಂಗೈ ಹಿಡಿದು ನೋಡುವುದು. ಅಂಗೈ ಪಸೆಯಾದರೆ ಇನ್ನೊಮ್ಮೆ. ಒಣಗಿದ್ದರೆ ಚಿತ್ರ. ಅದಕ್ಕೆ ಖಾಲಿ ಒತ್ತು ಎನ್ನುತ್ತಾಳೆ. ಅಂಗಿಗೆ ಹತ್ತು ಸೆಕೆಂಡಿನ ಕೆಲಸ.

ನದಿ ಉಳಿಸಿ ಎಂದು ನಮ್ಮ ಬಳಗ ಹೊರಡಿಸಿದ ಮೆರವಣಿಗೆಗೆ ಸಾವಿರದ ಇನ್ನೂರು ಅಂಗಿ ಬೇಕಾಗಿದ್ದವು. ಸಾವಯವ ಬಟ್ಟೆಯೇ ಆಗಬೇಕೆಂದು ಎರಡು ಸಭೆ ಮಾಡಿದೆವು. ಎದೆಯ ಮೇಲೆ ಏನು ಬರೆಸಬೇಕೆಂದು ಜಗಳವಾಡಿ ಮೂರನೇ ಸಭೆ. ಅಂಗಡಿಗೆ ಹೇಳುವ ಹೊತ್ತಿಗೆ ಉಳಿದದ್ದು ಮೂರು ದಿನ. ಆಗುತ್ತಾ ಎಂದು ನಾವು ಕೇಳಿದೆವು, ಆಗುತ್ತೆ ಎಂದು ಮಾಲೀಕ ಹೇಳಿದ. ಒತ್ತುವವಳನ್ನು ಯಾರೂ ಕೇಳಲಿಲ್ಲ.

ಮೊದಲ ದಿನ ಮಧ್ಯಾಹ್ನ ಮೇಸ್ತ್ರಿ ಬಂದು ಅವಳ ಹಿಂದೆ ನಿಂತ.

"ಏನಕ್ಕ, ಚಿತ್ರಾನೇ ಇಲ್ದೆ ಒತ್ತಿ ಒತ್ತಿ ಇಡ್ತಿದೀಯ. ಅಂಗಿಗೇನು ಮೈಕೈ ನೋವಾ?"

"ಬಟ್ಟೆ ತೇವ ಇದೆ ಮೇಸ್ತ್ರಿ. ಹಬೆ ಹೋಗ್ದಿದ್ರೆ ಹಿಡಿಯಲ್ಲ."

"ಕಟ್ಟು ಬಿಚ್ಚಿದ್ದು ಇವತ್ತು ಬೆಳಿಗ್ಗೆ. ತೇವ ಎಲ್ಲಿಂದ ಬಂತು? ಅದ್ರ ಮೇಲೆ ಕೂತು ಅತ್ತಿದೀಯಾ?"

"ಅಳೋಕೆ ಪುರುಸೊತ್ತು ಎಲ್ಲಿ ಕೊಟ್ಟಿದೀರಿ? ಬನ್ನಿ, ಕೈ ಇಟ್ಟು ನೋಡಿ."

ಮೇಸ್ತ್ರಿ ಕೈ ಇಡಲಿಲ್ಲ. ಮೊಬೈಲಿನಲ್ಲಿ ಗುಣಿಸಿ ನೋಡಿದ. "ಒಟ್ಟು ಮೂರು ತಾಸಿನ ಮೇಲಾಗುತ್ತೆ. ಮೂರು ತಾಸು ಬರೀ ಹಬೆಗಾ? ಮಾಲೀಕರು ನನ್ನ ಹಬೆ ತೆಗೀತಾರೆ. ಸಾಕು, ನೇರ ಚಿತ್ರ ಇಡು."

ಆಗ ಮುಗಿದಿದ್ದದ್ದು ಇನ್ನೂರು ಅಂಗಿ. ಉಳಿದ ಸಾವಿರವನ್ನು ಅವಳು ಮೇಸ್ತ್ರಿ ಹೇಳಿದ ಹಾಗೆ ಒತ್ತಿದಳು.

ಮೆರವಣಿಗೆ ಚೆನ್ನಾಗಿಯೇ ಆಯಿತು. ಮನೆಗೆ ಹೋಗಿ ಅಂಗಿ ಒಗೆದೆವು. ಅಕ್ಷರಗಳೆಲ್ಲ ಬಕೆಟ್ಟಿನಲ್ಲಿ ತೇಲಿದವು. ಸಿಟ್ಟು ಬಂತು, ದೂರು ಬರೆದೆವು. ನಮಗೆ ಬರೆಯಲು ಬರುತ್ತದಲ್ಲ. "ಕೆಲಸಗಾರರ ಅಜಾಗರೂಕತೆ" ಎಂಬ ಮಾತು ಅದರ ಎರಡನೇ ಸಾಲಿನಲ್ಲಿದೆ. ಕೆಳಗೆ ನೂರ ನಲವತ್ತು ಸಹಿ.

ಮಾಲೀಕ ಅದನ್ನೇ ಅವಳ ಮುಂದೆ ಹಿಡಿದ. ಖಾಲಿ ಒತ್ತು ಮರೆತೆ ಎಂದು ಬರೆದು ಸಹಿ ಹಾಕಿದರೆ ಕೂಲಿಯಲ್ಲಿ ಅರ್ಧ. ಹಾಕದಿದ್ದರೆ ಕೂಲಿಯೂ ಇಲ್ಲ, ನಾಳೆಯಿಂದ ಕೆಲಸವೂ ಇಲ್ಲ. ಸಹಿ ಹಾಕಿದರೂ ಅವಳ ಗತಿ ನೆಟ್ಟಗಿಲ್ಲ. ಈ ಊರಿನಲ್ಲಿ ಚಿತ್ರ ಒತ್ತುವ ಅಂಗಡಿ ಇರುವುದೇ ಆರು. ಮರೆಯುವ ಕೈ ಎಂಬ ಸುದ್ದಿ ಆರಕ್ಕೂ ಹೋಗುತ್ತದೆ.

ವಿಷಯ ಕಿವಿಗೆ ಬಿದ್ದು ಅವಳ ಮನೆಗೆ ಹೋದೆ. ಗೋಡೆಗೊರಗಿ, ಕಾಲು ಚಾಚಿ ಕೂತಿದ್ದಳು.

"ಸಹಿ ಹಾಕ್ಬೇಡಮ್ಮ," ಎಂದೆ.

"ಒತ್ತಿದ್ದು ನಾನೇ ಅಲ್ವಾ ಅಣ್ಣ. ಹಿಡಿಯಲ್ಲ ಅಂತ ಗೊತ್ತಿದ್ದೂ ಸಾವಿರ ಅಂಗಿ ಒತ್ತಿದೀನಿ. ಒಂದೊಂದೂ ಕೈಗೆ ಗೊತ್ತಾಗ್ತಿತ್ತು."

"ಮೇಸ್ತ್ರಿ ಹೇಳಿದ್ದಕ್ಕೆ ತಾನೇ?"

"ಹೇಳಿದ್ದಕ್ಕೆ ಮಾಡ್ದೆ. ಅಷ್ಟು ಬರೆದ್ರೆ ಈಗ್ಲೇ ಸಹಿ ಹಾಕ್ತೀನಿ. ಮರೆತೆ ಅಂತ ಹಾಕಲ್ಲ. ಮೊದಲಿನ ಇನ್ನೂರು ಅಂಗಿ ಯಾರ ಹತ್ರ ಇದಾವೋ ಕೇಳಿ, ಇವತ್ತಿಗೂ ಹಾಗೇ ಇರ್ತಾವೆ."

ಅತ್ತೆ ಮೂಲೆಯಿಂದ ಬಾಯಿ ಹಾಕಿದಳು. "ಮರೆಯೋ ಗಿರಾಕಿನಾ ಇವಳು? ಮದುವೆ ದಿನ ನಾನು ಅಂದಿದ್ದನ್ನ ಈಗಲೂ ಅಕ್ಷರ ಬಿಡದೆ ಹೇಳಿ ತೋರಿಸ್ತಾಳೆ. ಆ ಮಾಲೀಕನ್ನ ಕಳಿಸಪ್ಪ ನನ್ನ ಹತ್ರ, ನಾನು ಸಾಕ್ಷಿ ಹೇಳ್ತೀನಿ."

ಬಿಸಿಯಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಇನ್ನೊಂದ್ಸಲ ಬರೆಯೋಕೆ ಆಗಲ್ವಾ ಅಣ್ಣ ನಿಮ್ಮೋರಿಗೆ? ಅಷ್ಟು ಜನ ಇದೀರಲ್ಲ."

ನಾನು ಎರಡು ಅಂಗಿ ಹುಡುಕಿದೆ, ಇನ್ನೂರರೊಳಗಿನವು. ನಾಲ್ಕು ಸಲ ಒಗೆದಿದ್ದಾರೆ, ಒಂದಕ್ಷರ ಅಲುಗಿಲ್ಲ. ಅವನ್ನು ಮಾಲೀಕನ ಮೇಜಿನ ಮೇಲೆ ಹರಡಿದೆ. "ಎರಡು ಅಂಗಿ ನೋಡ್ಲಾ, ನೂರ ನಲವತ್ತು ಸಹಿ ನೋಡ್ಲಾ?" ಎಂದ. ಅವಳು ಸಹಿ ಹಾಕಲು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾನೆ.

ನನ್ನ ಸಹಿ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಮ್ಮ ಬಳಗದ ಈ ಪತ್ರಿಕೆ ಓದುವ ನಿಮ್ಮಲ್ಲಿ ಹೆಚ್ಚಿನವರ ಸಹಿ ಇನ್ನೂ ಅಲ್ಲೇ ಇದೆ. ಅಯ್ಯೋ ಪಾಪ ಎನ್ನುವುದು ಬೇಡ, ಅದರಿಂದ ಅವಳ ಮನೆ ನಡೆಯುವುದಿಲ್ಲ. ಅವಸರ ನಮ್ಮದು, ಅವಳು ಮರೆತಿಲ್ಲ, ನನ್ನ ಸಹಿ ವಾಪಸ್ ಕೊಡಿ ಎಂದು ಮೂರು ಸಾಲು ಬರೆದು, ಹೆಸರು ಹಾಕಿ, ಮಾಲೀಕನ ಕೈಗೇ ಕೊಟ್ಟು ಬನ್ನಿ. ತಿಂಗಳು ಮುಗಿಯಲು ಒಂಬತ್ತು ದಿನ ಇದೆ. ಯಾವತ್ತು ಹೋಗುತ್ತೀರಿ?