ಕುಲಕರ್ಣಿ ಅಂಕಲ್ಲರ ರೈಲು ಕಾರ್ಖಾನೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲಿ ಟೆಕ್ಸಾಸಿನ ಯೂಲೆಸ್‌ನ ಯುಗಾದಿ ಊಟದ ದಿನ ಮೈಕು ಹಿಡಿದು ಕುಲಕರ್ಣಿ ಅಂಕಲ್ಲರನ್ನು ಅಣಕಿಸಿದ ಕತ್ತೆ ನಾನೇ. ಈಗಷ್ಟೇ ರಿಚರ್ಡ್‌ಸನ್ ಸ್ಟೇಷನ್ನಿನಲ್ಲಿ ರೈಲು ಹಾರ್ನ್ ಹೊಡೆಯಿತು, ಎಲ್ಲ ನೆನಪಾಯಿತು. ನನಗೆ ಎಲ್ಲರ ದನಿಯೂ ಬರುತ್ತದೆ. ನಮ್ಮ ಮ್ಯಾನೇಜರು, ದೇವಸ್ಥಾನದ ಪುರೋಹಿತರು, ದಾರಿ ತಪ್ಪಿದರೆ ಮುನಿಸಿಕೊಳ್ಳುವ ಜಿಪಿಎಸ್ಸಿನ ಹೆಂಗಸು. ಅಮ್ಮನೂ ಫೋನಿನಲ್ಲಿ "ನೀನೇ ತಾನೇ ಮಾತಾಡ್ತಿರೋದು?" ಅಂತ ಖಾತ್ರಿ ಮಾಡಿಕೊಳ್ಳುತ್ತಾಳೆ.

ಅಂಕಲ್ ಹುಬ್ಬಳ್ಳಿಯವರು. ಟೆಕ್ಸಾಸಿಗೆ ಬರುವ ಮುಂಚೆ ಸ್ವೀಡನ್ನಿನ ಒಂದು ರೈಲು ಎಂಜಿನ್ ಕಾರ್ಖಾನೆಯಲ್ಲಿ ದುಡಿದವರು. ಯಾರ ಮನೆಯ ಊಟವಾದರೂ ಮೊಸರನ್ನ ಬರುವ ಹೊತ್ತಿಗೆ ಆ ಕಾರ್ಖಾನೆಯ ಚರಿತ್ರೆ ಶುರು. ಜಲಪಾತದ ಪಕ್ಕ ಹುಟ್ಟಿದ್ದು, ನೀರಿನ ಟರ್ಬೈನ್ ಮಾಡಿದ್ದು, ಆಮೇಲೆ ಉಗಿ ಎಂಜಿನ್ನು, ಅದಾದ ಮೇಲೆ ಅಮೆರಿಕಾದ ಎಂಜಿನ್ ಕೂರಿಸಿದ ದುಂಡು ಮೂಗಿನ ಡೀಸೆಲ್ ರೈಲು. "ಮೈ ಸ್ವೀಡನ್ನಿಂದು, ಗುಂಡಿಗಿ ಅಮೆರಿಕಾದ್ದು ನೋಡ್ರಿ!" ಅಂತ ಮೇಜು ಕುಟ್ಟುತ್ತಿದ್ದರು. ಕಂಪನಿ ತುಂಡು ತುಂಡಾಗಿ ಮಾರಿಹೋದದ್ದಕ್ಕೆ ಬಂದಾಗ ಮಾತ್ರ ದನಿ ಇಳಿದು, ಕಲಸಿದ ಮೊಸರನ್ನವನ್ನೇ ಮತ್ತೆ ಕಲಸುತ್ತಿದ್ದರು.

ಯುಗಾದಿಯ ದಿನ ನಾನು ಆ ಕುಟ್ಟುವುದನ್ನೂ ಮಾಡಿದೆ, ಕಲಸುವುದನ್ನೂ ಮಾಡಿದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಕಲ್ಲೂ ನಕ್ಕರು. ಆದರೆ ಅಂದಿನಿಂದ ಎಲ್ಲೂ ಆ ಕತೆ ಎತ್ತಲಿಲ್ಲ. ಊಟ ಮುಗಿದರೆ "ಹೊರಡೂಣೇನು?" ಅಂತ ಕಾರಿನ ಕೀ ತಡಕುವರು. ಆ ಕತೆಯಿಲ್ಲದೆ ಮೊಸರನ್ನದ ಹೊತ್ತು ಅಷ್ಟು ಸಪ್ಪೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ ನೋಡಿ.

ಕಳೆದ ವಾರ ಫ್ರಿಸ್ಕೋದಲ್ಲಿ ಅವರ ಮಗಳ ಮನೆಯಲ್ಲಿ ಊಟ. ಅಂಕಲ್ಲರ ಹೆಂಡತಿ, ನಮ್ಮ ಆಂಟಿ, ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಅವರ ಬಾಯಿ ಮುಚ್ಚಿಸಿದಾಂವ ನೀನಽ. ತೆಗಸಾಂವನೂ ನೀನಽ ಆಗಬೇಕು," ಅಂದರು.

ನನಗೆ ಬರುವುದು ಒಂದೇ ವಿದ್ಯೆ. ಮೊಸರನ್ನ ಬಂದದ್ದೇ ತಡ, ಅಂಕಲ್ ದನಿಯಲ್ಲೇ ಅವರ ಮೊಮ್ಮಗಳಿಗೆ ಹೇಳತೊಡಗಿದೆ: "ಕೇಳವಾ, ಮದಲ ಅವ್ರು ಡೀಸೆಲ್ ಎಂಜಿನ್ ಮಾಡಿದ್ರು. ಅದು ಬ್ಯಾಸರಾಗಿ ಟರ್ಬೈನ್ ಮಾಡಿದ್ರು..."

ಮಗು ಅಂಕಲ್ಲರ ಕಡೆ ತಿರುಗಿ, "ಅಜ್ಜಾ, ಈಸ್ ದಟ್ ರೈಟ್?" ಅಂದಿತು.

ದನಿ ಪಕ್ಕಾ, ಕತೆ ತಿರುಗಾಮುರುಗಾ! ಇಷ್ಟು ವರ್ಷ ಅವರ ಕೆಮ್ಮನ್ನೂ ಬಿಡದೆ ಕದ್ದವನು ಮಾತನ್ನು ಮಾತ್ರ ಕೇಳಿರಲಿಲ್ಲ. ಮೇಲೆ ನಿಮಗೆ ಸರಿಯಾಗಿ ಹೇಳಿದ್ದೆಲ್ಲ ಅವತ್ತಿನ ಸಂಜೆ ಕಲಿತದ್ದು.

ಅಂಕಲ್ ತಡಕುತ್ತಿದ್ದ ಕೀಯನ್ನು ಮೇಜಿಗೆ ಕುಟ್ಟಿದರು. "ದನಿ ಬೇಕಾದ್ರ ನೀನಽ ಇಟ್ಗೊಳ್ಳೋ ಮಂಗ್ಯಾ. ಕಾರ್ಖಾನಿ ನಂದು. ಸುಮ್ನ ಕೂತು ಕೇಳು!"