ಎದುರಾಳಿಗಳ ಸ್ಟ್ಯಾಂಡಿನಲ್ಲಿ ಪುರುಷೋತ್ತಮ

ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಒಣಮೀನು ಮಾರುವ ಪುರುಷೋತ್ತಮನಿಗೆ ಗಲ್ಲಾದ ಹಿಂದೆ ನಿಂತಾಗ ಹುಲಿಯ ಧೈರ್ಯ. ತಾನೇ ಗಿರಾಕಿಯಾಗಿ ಮುಂದೆ ನಿಲ್ಲಬೇಕಾದರೆ, ಅದರಲ್ಲೂ ಎದುರಿಗೆ ಯೂನಿಫಾರ್ಮ್ ಹಾಕಿದವರಿದ್ದರೆ, ಕೈಕಾಲು ತಣ್ಣಗೆ. ಇಪ್ಪತ್ತಾರು ವರ್ಷದ ಹಿಂದೆ ಏರ್‌ಪೋರ್ಟಿನಲ್ಲಿ ಅಧಿಕಾರಿಯೊಬ್ಬ ಅವನ ಉಪ್ಪಿನಕಾಯಿ ಭರಣಿ ಎತ್ತಿ, “ವಾಟ್ ಈಸ್ ದಿಸ್?” ಎಂದಿದ್ದ. ಉತ್ತರ ಗೊತ್ತಿದ್ದರೂ ಬಾಯಿ ಏಳಲಿಲ್ಲ. ಭರಣಿ ಕಸದ ಬುಟ್ಟಿಗೆ ಹೋಯಿತು. ಭಯ ಮಾತ್ರ ದೇಶದೊಳಗೆ ಬಂದು ಖಾಯಂ ವಾಸದ ಪಿಆರ್ ಕೂಡ ಪಡೆಯಿತು.

ಮಗಳು ನಿರೀಕ್ಷಾ ಯೂನಿವರ್ಸಿಟಿ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಾಲ್ಕು ವರ್ಷದಲ್ಲಿ ಅವಳ ಒಂದು ಮ್ಯಾಚನ್ನೂ ಅವನು ನೋಡಿರಲಿಲ್ಲ. ಮ್ಯಾಚುಗಳೆಲ್ಲ ಶನಿವಾರ, ವ್ಯಾಪಾರದ ಸುಗ್ಗಿಯೂ ಶನಿವಾರವೇ. ಈ ವರ್ಷ ತಂಡ ಫೈನಲ್ ತಲುಪಿತು. ಮ್ಯಾಚ್ ಮೆಲ್ಬರ್ನಿನಲ್ಲಿ, ಬಾಕ್ಸ್ ಹಿಲ್ ಕಡೆಯ ಎದುರಾಳಿಗಳ ಸ್ವಂತ ಮೈದಾನದಲ್ಲಿ.

“ಅಪ್ಪಾ, ಇಟ್ಸ್ ಮೈ ಲಾಸ್ಟ್ ಮ್ಯಾಚ್. ವಿಸಿಟರ್ಸ್ ಸ್ಟ್ಯಾಂಡ್ ಗೋಲ್ ಹಿಂದೆನೇ ಇರೋದು. ಐ ವಿಲ್ ಲುಕ್ ಫಾರ್ ಯು, ಓಕೆ?”

“ಅಂಗಡಿಗೆ ಬೀಗ ಹಾಕಿ ಬರ್ತೇನೆ ಮಗಾ,” ಎಂದ. ಅವನ ಬಾಯಲ್ಲಿ ಇದು ಆಣೆಗಿಂತ ದೊಡ್ಡ ಮಾತು.

ಏಳು ಸಾವಿರ ಸೀಟಿನ ಮೈದಾನದಲ್ಲಿ ಸಿಡ್ನಿಯಿಂದ ಬರುವವರಿಗೆ ಕೊಟ್ಟಿದ್ದು ಎಂಟುನೂರು. ಮೊದಲ ದಿನ ಟಿಕೆಟಿಗೆ ನಲವತ್ತೈದು ಡಾಲರ್. ಪುರುಷೋತ್ತಮ ನಕ್ಕ. ಹರೆಯದಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಹರಾಜು ಕೂಗಿದವನು ಅವನು. ಬೆಳಗಿನ ರೇಟು ಹೊಸಬರಿಗೆ. ಬಿಸಿಲೇರಿದಂತೆ ಮೀನು ಮೆತ್ತಗಾಗುತ್ತದೆ, ಮಾರುವವನೂ ಮೆತ್ತಗಾಗುತ್ತಾನೆ.

“ಶನಿವಾರ ಕಳೆದ್ರೆ ಆ ಟಿಕೆಟ್ ಯಾರಿಗೆ ಬೇಕು? ಕಾಯುವ. ಇಳೀತದೆ.”

“ಹುಡುಗಿಯ ಮ್ಯಾಚು ಬಂಗುಡೆಯಾ ಮಾರಾಯ, ಮಧ್ಯಾಹ್ನಕ್ಕೆ ನಾರ್ಲಿಕ್ಕೆ?” ಎಂದಳು ಅವನ ತಾಯಿ ಅಕ್ಕು. ಎಪ್ಪತ್ತೆಂಟರ ಮುದುಕಿ ಮೊಮ್ಮಗಳ ತಂಡದ ಕೆಂಪು ಬಣ್ಣದಲ್ಲಿ ಮಫ್ಲರ್ ಹೆಣೆಯುತ್ತ ಕೂತಿದ್ದಳು.

ಮಂಗಳವಾರ ರೇಟು ಎಪ್ಪತ್ತಾಯಿತು. ಬುಧವಾರ ನೂರಹತ್ತು. ಕೇಳುವವರು ಹೆಚ್ಚಾದಷ್ಟೂ ಕಂಪ್ಯೂಟರ್ ತಾನೇ ರೇಟು ಏರಿಸುತ್ತದೆ, ಅದಕ್ಕೆ ಮೀನಿನ ವಾಸನೆ ಗೊತ್ತಿಲ್ಲ. ಗುರುವಾರ ಬೆಳಿಗ್ಗೆ ಎಂಟುನೂರೂ ಖಾಲಿ.

ಬೆವರುತ್ತ ಮೆಲ್ಬರ್ನಿನ ಕ್ಲೈಡ್ ನಾರ್ತ್‌ನ ಗೆಳೆಯ ಧನರಾಜನಿಗೆ ಫೋನ್ ಮಾಡಿದ. ಧನರಾಜ್ ಅದೇ ಎದುರಾಳಿ ತಂಡದ ಕ್ಲಬ್ಬಿನ ಮೆಂಬರ್.

“ನನ್ನ ಎರಡು ಸೀಟು ಉಂಟು ಪುರುಷಣ್ಣ, ಕೊಡ್ತೇನೆ. ಆದ್ರೆ ಅದು ನಮ್ಮವರ ಸ್ಟ್ಯಾಂಡು. ನಿಮ್ಮ ಕಲರ್ ಹಾಕ್ಬಾರ್ದು, ನಿಮ್ಮವರಿಗೆ ಕೂಗ್ಬಾರ್ದು. ಕೂಗಿದ್ರೆ ಹೊರಗೆ ಹಾಕ್ತಾರೆ, ನನ್ನ ಮೆಂಬರ್‌ಶಿಪ್ಪಿಗೂ ಎಳ್ಳುನೀರು.”

“ಕೂಗುದಿಲ್ಲ ಮಾರಾಯ. ನನ್ನನ್ನು ನೋಡಿದ್ರೆ ಕೂಗುವವನ ಹಾಗೆ ಕಾಣ್ತದಾ?”

“ಮಲ್ಪೆಯವರನ್ನು ಕೇಳ್ಬೇಕು ಅದು.”

ಸೀಟು ಬೇರೆ ಕಡೆ ಎಂದು ಮಗಳಿಗೆ ತಿಳಿಸಲಿಲ್ಲ. ಮೀನಿನ ಲೆಕ್ಕ ಹಾಕಿ ಕೆಟ್ಟೆ ಎಂದು ಹೇಳುವುದು ಹೇಗೆ?

ಶನಿವಾರ ಮಧ್ಯಾಹ್ನ ಗೇಟಿನ ಸಾಲಿನಲ್ಲಿ ಪುರುಷೋತ್ತಮನ ಅಂಗಿ ಬೆನ್ನಿಗೆ ಅಂಟಿತ್ತು. ಜೊತೆಗೆ ಬಂದ ಅಕ್ಕುವಿನ ಮಫ್ಲರನ್ನು ಅವಳ ಸ್ವೆಟರಿನೊಳಗೇ ತುರುಕಿಸಿದ್ದ. ಸೆಕ್ಯುರಿಟಿಯವನು ಟಿಕೆಟ್ ಸ್ಕ್ಯಾನ್ ಮಾಡಿದ. ಯಂತ್ರ ಕೀಂಯ್ ಎಂದಿತು. ಎರಡನೇ ಸಲ ಹಿಡಿದ. ಮತ್ತೆ ಕೀಂಯ್. ಪರದೆ ನೋಡಿ ಕೇಳಿದ: “ಧನರಾಜ್?”

ಉಪ್ಪಿನಕಾಯಿ ಭರಣಿ ಕಣ್ಣೆದುರು ಬಂತು. ಪುರುಷೋತ್ತಮ ಹೌದೆಂದು ತಲೆಯಾಡಿಸಿದ. ಐವತ್ತೆಂಟನೇ ವಯಸ್ಸಿನಲ್ಲಿ ಹೀಗೆ ಹೆಸರು ಬದಲಾಯಿಸಿಕೊಂಡು ಒಳಗೆ ಹೋದ.

ಒಳಗೆ ಎತ್ತ ನೋಡಿದರೂ ನೀಲಿ ಅಂಗಿ. ಪಕ್ಕದ ಕಟ್ಟುಮಸ್ತಾದ ಹುಡುಗಿ ಚಿಪ್ಸ್ ಪೊಟ್ಟಣ ಮುಂದೆ ಹಿಡಿದು, “ಗೋ ಬ್ಲೂ, ಹೇ ಅಂಕಲ್?” ಎಂದಳು.

“ಯೆಸ್, ಯೆಸ್.”

“ಎಂಥ ಯೆಸ್ಸು ನಿಂದು?” ಅಕ್ಕು ತೊಡೆ ಚಿವುಟಿದಳು.

“ಸುಮ್ನಿರಮ್ಮ, ಕೇಳಿಸಿದ್ರೆ ಎಬ್ಬಿಸ್ತಾರೆ!”

ಚೆಂಡು ಮಗಳ ಕಡೆ ಬಂದಾಗಲೆಲ್ಲ ಕಣ್ಣು ಮುಚ್ಚಿದ. ಸೆಕ್ಯುರಿಟಿಯವರು ಮೆಟ್ಟಿಲು ಹತ್ತಿದಾಗಲೆಲ್ಲ ಕಣ್ಣು ಬಿಟ್ಟ. ಆಟ ಒಂದೊಂದು ಗೋಲಿಗೆ ಸಮ ಆಯಿತು. ಇನ್ನು ಪೆನಾಲ್ಟಿ: ಎರಡೂ ತಂಡಕ್ಕೆ ಐದೈದು ಒದೆತ, ತಡೆಯುವವಳು ಗೋಲ್‌ಕೀಪರ್ ಒಬ್ಬಳೇ.

ನಿರೀಕ್ಷಾ ಗೋಲಿನ ಕಡೆ ನಡೆದಳು. ಅದರ ಹಿಂದೆ ಮೂಲೆಯಲ್ಲಿ ಎಂಟುನೂರು ಕೆಂಪು ಅಂಗಿಗಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಸಾಲುಸಾಲಾಗಿ ಹುಡುಕಿದಳು. ಮತ್ತೊಮ್ಮೆ ಮೊದಲಿನಿಂದ ಹುಡುಕಿದಳು. ಆಮೇಲೆ ಕೈ ಕೆಳಗಿಳಿಯಿತು, ಭುಜವೂ ಇಳಿಯಿತು. ಆ ಭುಜ ಪುರುಷೋತ್ತಮನಿಗೆ ಗೊತ್ತು. ಒಂದನೇ ಕ್ಲಾಸಿನಲ್ಲಿ, ಅಂಗಡಿಯ ವ್ಯಾನ್ ತಡವಾದ ದಿನಗಳಲ್ಲಿ, ಶಾಲೆಯ ಗೇಟಿನಲ್ಲಿ ಅದು ಹೀಗೇ ಇಳಿದಿರುತ್ತಿತ್ತು.

ಅಪ್ಪ ಈ ಸಲವೂ ಅಂಗಡಿಯಲ್ಲಿದ್ದಾನೆ ಎಂದುಕೊಂಡಿದ್ದಾಳೆ.

ಈ ಭಯದ ಎದುರು ಯೂನಿಫಾರ್ಮಿನ ಭಯ ಬರೀ ಚಿಲ್ಲರೆ. ಮೊದಲ ಒದೆತಕ್ಕೆ ಮೈದಾನ ಉಸಿರು ಬಿಗಿಹಿಡಿದಿತ್ತು. ಅಕ್ಕುವಿನ ಸ್ವೆಟರಿನಿಂದ ಮಫ್ಲರ್ ಎಳೆದು ಎದ್ದು ನಿಂತ. ದೋಣಿಯ ಎಂಜಿನ್ನನ್ನೂ ಮೀರಿಸುತ್ತಿದ್ದ ಹರಾಜಿನ ದನಿ ಮೂವತ್ತು ವರ್ಷದ ನಂತರ ಹೊರಬಿತ್ತು.

“ನಿರೀಕ್ಷಾ! ಮಗಾ! ಈಚೆ ನೋಡು, ಇಲ್ಲಿದ್ದೇನೆ!”

ನೀಲಿಯವರೆಲ್ಲ ತಿರುಗಿದರು. ನಿರೀಕ್ಷಾ ಕೂಡ. ಮಫ್ಲರ್ ಕಂಡಿತೇನೋ, ಗ್ಲೌಸ್ ಹಾಕಿದ ಕೈ ಎತ್ತಿದಳು.

ಅಷ್ಟರಲ್ಲಿ ಸೆಕ್ಯುರಿಟಿಯವನು ಮೆಟ್ಟಿಲಿನಲ್ಲಿದ್ದ. “ಕಮ್ ವಿತ್ ಮಿ, ಸರ್. ನೇಮ್?”

ಈ ಸಲ ಬಾಯಿ ಎದ್ದಿತು. “ಪುರುಷೋತ್ತಮ. ಗೋಲ್‌ಕೀಪರ್, ಮೈ ಡಾಟರ್.”

ಅಕ್ಕು ಅವನ ಗುರುತೇ ಇಲ್ಲದವಳಂತೆ ಪಕ್ಕದವಳ ಚಿಪ್ಸಿಗೆ ಕೈ ಹಾಕಿದಳು.

ಹೊರಹಾಕಿಸಿಕೊಂಡ ಪುರುಷೋತ್ತಮ ಗೇಟಿನಾಚೆ ಗೋಡೆಗೊರಗಿ ನಿಂತ. ಒಳಗಿನದು ಏನೂ ಕಾಣದು. ಗೇಟಿನ ಸೆಕ್ಯುರಿಟಿಯವಳಿಗೆ ಅಯ್ಯೋ ಅನಿಸಿರಬೇಕು, ರೇಡಿಯೋಗೆ ಕಿವಿಯಿಟ್ಟು ಹೇಳಿದಳು: ಇದೇ ಕೊನೆಯ ಒದೆತ, ನೀಲಿಯವರದ್ದು, ಮಗಳು ತಡೆದರೆ ಸಿಡ್ನಿ ಗೆದ್ದಂತೆ.

ಪುರುಷೋತ್ತಮ ಮಫ್ಲರನ್ನು ಬಾಯಿಗೆ ಒತ್ತಿಕೊಂಡ. ನೀಲಿಯವರು ಗೆದ್ದರೆ ಆರು ಸಾವಿರ ಗಂಟಲು, ಕೆಂಪಿನವರು ಗೆದ್ದರೆ ಎಂಟುನೂರು. ಸಾಮಾನು ಕೈಯಲ್ಲಿ ಎತ್ತಿಯೇ ತೂಕ ಹೇಳುವವನು ಈಗ ಕಿವಿಯನ್ನೇ ತಕ್ಕಡಿ ಮಾಡಿ ಕಾದ.

ಒಳಗೆ ಸದ್ದು ನಿಂತಿತು.

ಆಮೇಲೆ ದೂರದ ಮೂಲೆಯಿಂದ ಕೂಗೊಂದು ಎದ್ದಿತು. ಸಣ್ಣ ಕೂಗು. ಪುರುಷೋತ್ತಮ ಮತ್ತೆ ಮತ್ತೆ ತೂಗಿ ನೋಡಿದ. ಎಂಟುನೂರಕ್ಕಿಂತ ಒಂದು ಗಂಟಲೂ ಹೆಚ್ಚಿರಲಿಲ್ಲ.